ಹಬ್ಸಿಗುಡದ ಸಾಕ್ಷಿ

ಉಪ್ಪಲ್ ರಸ್ತೆಯಲ್ಲಿ ಹಬ್ಸಿಗುಡವನ್ನು ಹಾದುಹೋಗುವಾಗ ಸಿ.ಸಿ.ಎಂ.ಬಿ. ಎಂಬ ಫಲಕವನ್ನು ನಮ್ಮ ವಾಚಕರು ಕಂಡೇ ಇರುತ್ತೀರಿ. ಜೀವಕೋಶಗಳನ್ನು ಕುರಿತ ಸಂಶೋಧನಾಲಯವದು. ಅದಕ್ಕೂ ಸಂಸಾರವಂದಿಗರಾದ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಈ ಸಲದ ನಮ್ಮ ಉತ್ತರವಿಷ್ಟೆ: ಒಬ್ಬ ತಾಯಿಯ ಮಾತು ನಿಜವೆಂದು ಸಿದ್ಧವಾದದ್ದು ಅಲ್ಲಿ.

ಅಪರಾಧಶೋಧನೆಯ ವಿಜ್ಞಾನವೆಂದೊಡನೆ ನಮಗೆ ಕೊಲೆ, ಪತ್ತೇದಾರಿ ಕಾದಂಬರಿ, ಭೂತಗನ್ನಡಿಗಳು ನೆನಪಾಗುತ್ತವೆ. ಆದರೆ ಡಿ.ಎನ್.ಎ. ಎಂಬ ಗುರುತು ನಮ್ಮ ದೇಶದ ನ್ಯಾಯಾಲಯದ ಮೆಟ್ಟಿಲನ್ನು ಮೊದಲು ಹತ್ತಿದ್ದು ಜೀವನಾಂಶದ ಅರ್ಜಿಯೊಂದರಲ್ಲಿ. ಕೇರಳದ ತಲಚೇರಿಯಲ್ಲಿ ಒಬ್ಬಾಕೆ ತನ್ನ ಮಗುವಿಗೆ ಜೀವನಾಂಶ ಬೇಡಿದಳು. ಆ ಮನುಷ್ಯ, ಮಗು ನನ್ನದಲ್ಲವೆಂದುಬಿಟ್ಟ. ಇಂಥ ವ್ಯಾಜ್ಯದಲ್ಲಿ ಹಿಂದೆಲ್ಲ ಹೆಂಗಸಿನ ಕಣ್ಣೀರು ಒಂದು ಕಡೆ, ಗಂಡಸಿನ ಆಣೆ ಇನ್ನೊಂದು ಕಡೆ, ತೂಗುವವರಾರು? ಮೂವರ ರಕ್ತವೂ ಹೈದರಾಬಾದಿಗೆ ಬಂತು. ಡಾ. ಲಾಲ್‌ಜಿ ಸಿಂಗ್ ಅವರು ಪರೀಕ್ಷಿಸಿ 1989ರಲ್ಲಿ ಸಾಕ್ಷಿ ನುಡಿದರು: ತಂದೆ ಅವನೇ. 1991ರಲ್ಲಿ ಕೇರಳದ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು.

ಪರೀಕ್ಷೆಯ ಬಗೆ ಹೀಗೆ. ರಕ್ತದಿಂದ ತೆಗೆದ ಡಿ.ಎನ್.ಎ.ಯನ್ನು ತುಂಡರಿಸಿ, ಉದ್ದ ಗಿಡ್ಡಗಳಂತೆ ಬೇರ್ಪಡಿಸಿದರೆ, ಎಕ್ಸ್‌ರೇ ಫಿಲ್ಮಿನ ಮೇಲೆ ಸೀರೆಯಂಚಿನ ಪಟ್ಟೆಗಳಂತೆ ಗುರುತುಗಳು ಮೂಡುವಂತೆ ಮಾಡಬಹುದು. ಒಬ್ಬರ ಪಟ್ಟೆ ಇನ್ನೊಬ್ಬರದರಂತಿರದು. (ತದ್ರೂಪಿ ಅವಳಿಗಳ ಮಾತು ಬೇರೆ.) ಮಗುವಿನ ಪಟ್ಟೆಗಳಲ್ಲಿ ತಾಯಿಯಿಂದ ಬಂದವನ್ನು ಕಳೆದರೆ ಉಳಿದವು ತಂದೆಯಲ್ಲಿ ಇರಲೇಬೇಕು. ಲೆಕ್ಕ ನಮ್ಮ ಕೂಡು-ಕಳೆಯಷ್ಟೇ ಸರಳ.

ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ 1984ರಲ್ಲಿ ಈ ದಾರಿ ತೋರಿದ್ದರು. ನಮ್ಮೂರಿನವರು ಅವರ ಸಾಮಗ್ರಿಗೆ ಕೈಚಾಚಲಿಲ್ಲ. ಗುರುತು ಹಿಡಿಯಲು ಲಾಲ್‌ಜಿ ಸಿಂಗ್ ಅವರಿಗೆ ಒದಗಿದ್ದು ಹೆಣ್ಣು ಕಟ್ಟುಹಾವು! ಹೆಣ್ಣುಗಂಡುಗಳ ಭೇದ ಹೇಗಾಗುತ್ತದೆಂದು ತಿಳಿಯಲು ಆ ಪಟ್ಟೆಪಟ್ಟೆಯ ವಿಷಸರ್ಪದ ಡಿ.ಎನ್.ಎ.ಯಿಂದ ಅವರು ಬೇರ್ಪಡಿಸಿದ್ದ ತುಣುಕೇ ಮನುಷ್ಯರನ್ನು ಗುರುತಿಸಲು ಒದಗಿತು. ನಾಗಪ್ಪನ ಕೃಪೆಯೆಂದು ನಮ್ಮ ಅಜ್ಜಿಯರು ಅಂದಾರು, ನಾವಂತೂ ಬೇಡವೆನ್ನೆವು.

1995ರ ಜುಲೈಯಲ್ಲಿ ದೆಹಲಿಯ ಹೋಟೆಲೊಂದರ ತಂದೂರಿ ಒಲೆಯಲ್ಲಿ ಬೆಂದ ಹೆಣ್ಣಿನ ದೇಹ ದೊರೆತಾಗ, ಅದು ಯಾರದೆಂದು ಹೇಳಲು ಹೆತ್ತವರ ರಕ್ತದೊಡನೆ ಹೋಲಿಸಿದ್ದೂ ಇಲ್ಲಿಯೇ. ಆದರೆ ಒಂದು ಮಾತು. ಈ ಪರೀಕ್ಷೆ ದೇಹ ಯಾರದು, ರಕ್ತ ಯಾರದು ಎಂದೀತೇ ಹೊರತು ಕೊಂದವರು ಯಾರೆಂದು ತಾನಾಗಿ ಹೇಳದು. ಅದನ್ನು ಕೋರ್ಟು ಮಿಕ್ಕ ಸಾಕ್ಷಿಗಳೊಡನೆ ಕೂಡಿಸಿ ನೋಡಬೇಕು.

ಈಗಿನ ಪದ್ಧತಿಗೆ ಅಷ್ಟು ರಕ್ತವೂ ಬೇಡ. ಕುಡಿದಿಟ್ಟ ಲೋಟದ ಅಂಚು ಸಾಕಾಗಬಹುದು. ಆದುದರಿಂದಲೇ ಅಪಾಯವೂ ಹೆಚ್ಚು. ನೋಡಬಂದ ನೆರೆಯವರ ಗುರುತೂ ಕಳ್ಳನದರೊಡನೆ ಬೆರೆತೀತು. ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಕೊಳೆತು ಹಾಳಾಗುತ್ತದೆ. ಅದು ಪೊಲೀಸರ ಕೆಲಸವೆನ್ನಿ. ನಮ್ಮ ಪಾಲಿನದು ಇನ್ನೂ ಸುಲಭ. ಊರಿನಿಂದ ಬಂದು ನೋಡಿದಾಗ ಬೀಗ ಒಡೆದಿದೆ, ಬೀರು ತೆರೆದಿದೆ. ಮನೆಯಾಕೆ ಮೊದಲು ಹಿಡಿಯುವುದು ಪೊರಕೆಯನ್ನು! ಮಕ್ಕಳನ್ನು ಕರೆದುಕೊಂಡು ಹೊರಗೆ ನಿಂತು, ಪೊಲೀಸರಿಗೆ ಫೋನು ಮಾಡಿ. ಕಸ ಸಂಜೆಗೆ ಗುಡಿಸಿದರಾಯಿತು.