ನಿಂತ ಬಂಡಿಗಳನ್ನು ನೋಡಹೋದುದು

ಹೋದ ತಿಂಗಳಲ್ಲಿ ನಾವು ಮೂರು ದಿನಗಳ ಮಟ್ಟಿಗೆ ಮನೆಯನ್ನು ಬಿಟ್ಟು, ನಮ್ಮ ಚಿಕ್ಕ ಮೋಟಾರಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬಂದೆವು. ‘ನಾವು’ ಎಂದು ಬರೆಯುವುದು ಈ ಪುಟದ ರೂಢಿಯೇ ಹೊರತು, ಬಂಡಿಯಲ್ಲಿದ್ದವರು ನಾವೊಬ್ಬರೇ. ಮನೆಯವರಿಗೆ ಇದು ಸರಿಬೀಳಲಿಲ್ಲ. ಮದುವೆಗಲ್ಲ, ಜಾತ್ರೆಗಲ್ಲ, ದೇವರ ದರ್ಶನಕ್ಕೂ ಅಲ್ಲ. ಓಡಾಟ ನಿಂತುಹೋದ ವಿಮಾನಗಳನ್ನೂ ಹೊಗೆಬಂಡಿಗಳನ್ನೂ ನೋಡುವುದಕ್ಕಾಗಿ ಅರುವತ್ತು ದಾಟಿದವರು ಒಬ್ಬಂಟಿಗರಾಗಿ ಹೊರಡುವುದೆಂದರೇನು ಎಂದು ಆಕ್ಷೇಪಿಸಿದರು. ಹಾಗಾದರೆ ಜೊತೆಗೆ ಬನ್ನಿರೆಂದು ಕರೆದಾಗ ಮಾತ್ರ ಎಲ್ಲರಿಗೂ ಕೆಲಸವಿದ್ದಿತು.

ಮೊದಲನೆಯ ದಿನ ಬೆಂಗಳೂರಿನಲ್ಲಿಯೇ ಕಳೆಯಿತು. ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು 2001ರಲ್ಲಿ ಏರ್ಪಡಿಸಿದ ವಸ್ತುಸಂಗ್ರಹಶಾಲೆಯು ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವುದು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಈ ಕಾರ್ಖಾನೆಯನ್ನು ಸ್ಥಾಪಿಸಿದರೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಘಾಟಗೆಯವರ ನೇತೃತ್ವದಲ್ಲಿ ರಚಿತವಾಗಿ 1951ರಲ್ಲಿ ಹಾರಿದ ಎಚ್.ಟಿ. 2 ಎಂಬ ಎರಡು ಆಸನಗಳ ಶಿಕ್ಷಣ ವಿಮಾನವನ್ನು ನೋಡಿದರೆ, ಇಷ್ಟು ಚಿಕ್ಕದನ್ನು ನಂಬಿ ಆಕಾಶಕ್ಕೆ ಏರಿದವರ ಎದೆಗಾರಿಕೆ ಎಂತಹದೆಂದು ಬೆರಗಾಗುತ್ತದೆ.

ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿಕೊಂಡುದು ಮಾರುತವೆಂಬ ಯುದ್ಧವಿಮಾನ. ಜರ್ಮನಿಯ ಪ್ರಸಿದ್ಧ ವಿಮಾನಶಿಲ್ಪಿಯಾದ ಕುರ್ಟ್ ಟ್ಯಾಂಕ್ ಎಂಬವರು ಬೆಂಗಳೂರಿಗೆ ಬಂದು ನೆಲೆಸಿ ಇದನ್ನು ರಚಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸರು ಮೊದಲ ಬಾರಿಗೆ ಹಾರಿಸಿದರು. ಶಬ್ದದ ವೇಗಕ್ಕೆ ಇಮ್ಮಡಿಯಾದ ವೇಗದಲ್ಲಿ ಹೋಗಲೆಂದು ಇದರ ಮೈಯನ್ನು ತೀಡಿದ್ದಿತು. ಆದರೆ ಆ ಮೈಗೆ ತಕ್ಕ ಎಂಜಿನ್ನು ಕಡೆಯವರೆಗೂ ದೊರೆಯಲಿಲ್ಲ. ವಿದೇಶದಲ್ಲಿ ತಯಾರಾಗಬೇಕಾಗಿದ್ದ ಬಲವಾದ ಎಂಜಿನ್ನಿನ ಕೆಲಸ ನಡುವೆಯೇ ನಿಂತುಹೋಗಲು, ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್ನುಗಳನ್ನೇ ಎರಡೆರಡು ಜೋಡಿಸಿ ಹಾರಿಸಬೇಕಾಯಿತು. ಹಾಗಿದ್ದೂ 147 ವಿಮಾನಗಳು ತಯಾರಾದುವು, 1971ರ ಯುದ್ಧದಲ್ಲಿ ಕೆಲಸಕ್ಕೆ ಬಂದುವು. ದಾಸರು 1970ರ ಜನವರಿಯಲ್ಲಿ ಇದೇ ಜಾತಿಯ ವಿಮಾನವನ್ನು ಪರೀಕ್ಷಿಸುತ್ತಿದ್ದಾಗ ಅಪಘಾತಕ್ಕೊಳಗಾಗಿ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ನಾವು ಎಷ್ಟು ವರ್ಷಗಳಿಂದ ತರಕಾರಿಯ ಚೀಲವನ್ನು ಹಿಡಿದು ಓಡಾಡಿರುವೆವೋ! ಆ ಹೆಸರು ಯಾರದೆಂದು ಕೇಳಿಕೊಂಡುದು ಈ ದಿನವೇ.

ಮರುದಿನ ಹೊಸ ಹೆದ್ದಾರಿಯನ್ನು ಬಿಟ್ಟು ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಮೇಲೆ ಹಾದುಹೋಗುವ ಹಳೆಯ ದಾರಿಯಲ್ಲಿಯೇ ಹೋದೆವು. ಒಬ್ಬರೇ ಹೋಗುವುದರಲ್ಲಿ ಇದೊಂದು ಸುಖ: ಮದ್ದೂರಿನಲ್ಲಿ ಎರಡು ವಡೆಗಳಿಗೆ ಬದಲಾಗಿ ನಾಲ್ಕನ್ನು ತಿಂದರೂ ಲೆಕ್ಕವಿಡುವವರಿಲ್ಲ. ಶ್ರೀರಂಗಪಟ್ಟಣದ ಬಳಿ ‘ಪಯಣ’ವೆಂಬ ಮೋಟಾರುಗಳ ಸಂಗ್ರಹಶಾಲೆಯು 2023ರಲ್ಲಿ ತೆರೆದಿದೆ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಬಂಡಿಗಳು. ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದುವು. ನಮಗೆ ಮಾತ್ರ, ಒಂದೆರಡರ ಮೇಲಾದರೂ ಸ್ವಲ್ಪ ರಸ್ತೆಯ ಧೂಳನ್ನು ಉಳಿಸಿದ್ದರೆ ಚೆನ್ನಾಗಿರುತ್ತಿದ್ದಿತೆಂದು ತೋರಿತು.

ಮೈಸೂರಿನ ರೈಲ್ವೆ ಸಂಗ್ರಹಶಾಲೆ 1979ರಲ್ಲಿ ಆರಂಭವಾದುದು. ಮಹಾರಾಣಿಯವರು ಪ್ರಯಾಣಮಾಡುತ್ತಿದ್ದ, 1899ರಲ್ಲಿ ಕಟ್ಟಿದ ಗಾಡಿ, ಅದರೊಳಗಿನ ಅಡಿಗೆಯ ಮನೆ, ಕಂಬಿಯ ಮೇಲೆ ಓಡುವಂತೆ ಕಬ್ಬಿಣದ ಗಾಲಿಗಳನ್ನು ತೊಡಿಸಿದ ಆಸ್ಟಿನ್ ಮೋಟಾರು, ಇವನ್ನೆಲ್ಲ ನೋಡಲು ಮಕ್ಕಳ ಗುಂಪು ಸೇರಿದ್ದಿತು. ನಾವು ಬಂದುದು ಬೇರೆಯದಕ್ಕೆ. ನಮ್ಮ ತಂದೆಯವರು ಮೀಟರ್ ಗೇಜ್ ಬಂಡಿಗಳಲ್ಲಿ ಬೆಂಕಿ ಹಾಕುವ ಕೆಲಸದಲ್ಲಿದ್ದವರು. ಅವರು ಬದುಕಿದ್ದಾಗ ಇಲ್ಲಿಗೆ ಬರೋಣವೆಂದು ಹಲವು ಸಲ ಕರೆದಿದ್ದೆವು. ಆ ಸೆಕೆಯನ್ನು ಬೇಕಾದಷ್ಟು ನೋಡಿದ್ದೇನೆ, ನೀನು ಹೋಗು, ಎನ್ನುತ್ತಿದ್ದರು.

ಏರಲು ಅವಕಾಶವಿದ್ದ ಒಂದು ಎಂಜಿನ್ನಿನ ಮೆಟ್ಟಿಲನ್ನು ಹತ್ತಿ ಒಳಗೆ ನಿಂತೆವು. ಎಷ್ಟು ಇಕ್ಕಟ್ಟು! ಕಲ್ಲಿದ್ದಲನ್ನು ಒಂದೆಡೆಗೆ ಸುರಿದರೆ ಸಾಲದು. ತೆಳುವಾಗಿ, ಸಮವಾಗಿ, ಓಲಾಡುವ ನೆಲದ ಮೇಲೆ ನಿಂತು ಬೆಂಕಿಯ ಬಾಯೊಳಕ್ಕೆ ಎರಚಬೇಕು. ಅದಕ್ಕಿಂತ ಮುಖ್ಯವಾದುದು ನೀರು. ಬೆಂಕಿಯ ಗೂಡಿನ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಅದು ಇಳಿದರೆ ತಗಡು ಕಾದು ಮೆತ್ತಗಾಗಿ ಬಾಯ್ಲರು ಸಿಡಿಯುವ ಅಪಾಯವುಂಟು. ಆದುದರಿಂದ ನೀರಿನ ಮಟ್ಟವನ್ನು ತೋರಿಸುವ ಗಾಜಿನ ಕೊಳವೆಯ ಮೇಲಿಂದ ಬೆಂಕಿಯವನು ಕಣ್ಣು ತೆಗೆಯುವಂತಿಲ್ಲ. ತಂದೆಯವರು ಕೆಲಸದಿಂದ ಬಂದೊಡನೆ, ಚಪ್ಪಲಿಯನ್ನು ಬಿಡುವ ಮೊದಲೇ, ಬಚ್ಚಲ ಹಂಡೆಯಲ್ಲಿ ನೀರೆಷ್ಟಿದೆಯೆಂದು ಬಗ್ಗಿ ನೋಡುತ್ತಿದ್ದರು. ತಾಯಿಯವರೂ ನಾವೂ ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಅವರಿಗೆ ಐವತ್ತು ತುಂಬುವ ಮುನ್ನವೇ ಕಿವಿ ಮಂದವಾಗಿದ್ದಿತು. ಕೂಗಿ ಹೇಳುವುದು ಬೇಸರವೆಂದು ನಾವು ಮಾತನ್ನೇ ಕಡಿಮೆಮಾಡಿದೆವು. ಕಡೆಕಡೆಗೆ ಊಟಕ್ಕೆ ಕರೆಯಲು ಕೈಸನ್ನೆಯಷ್ಟೇ ಉಳಿದಿದ್ದಿತು. ಆ ಕಬ್ಬಿಣದ ಗೂಡಿನಲ್ಲಿ, ಉಗಿಯ ಅಬ್ಬರದ ನಡುವೆ, ದಿನಕ್ಕೆ ಎಷ್ಟು ಗಂಟೆಗಳ ಕಾಲ ಅವರ ಕಿವಿಗಳು ತೆರೆದಿದ್ದುವೆಂಬುದನ್ನು ನಾವು ಒಂದು ದಿನವಾದರೂ ಎಣಿಸಿದವರಲ್ಲ. ಈಗ ಆ ಎಂಜಿನ್ನು ತಣ್ಣಗೆ, ನಿಶ್ಶಬ್ದವಾಗಿ ನಿಂತಿದ್ದಿತು. ನಾವು ಒಮ್ಮೆ ಅಪ್ಪ ಎಂದೆವು, ಮೆಲ್ಲಗೆ; ತಗಡಿನ ಗೋಡೆಗಳಿಗೆ ತಾಗಿ ಅದು ಸ್ಪಷ್ಟವಾಗಿಯೇ ಕೇಳಿಸಿತು. ಜೊತೆಗೆ ಯಾರೂ ಬಾರದಿದ್ದುದು ಒಳ್ಳೆಯದೇ ಆಯಿತು.

ಕೆಳಗಿನಿಂದ ಒಬ್ಬ ಹುಡುಗನು, ತಾತಾ, ಇಳಿಯುತ್ತೀರಾ, ನಾನು ಹತ್ತಬೇಕು, ಎಂದು ಕೂಗಿದನು. ಅವನಿಗೆ ಎಡೆಮಾಡಿಕೊಟ್ಟು, ಗಾಜಿನ ಕೊಳವೆಯಿರುವ ಸ್ಥಳವನ್ನು ತೋರಿಸಿ, ಕೆಳಗಿಳಿದೆವು.