ದಡಕ್ಕೆ ಬೇಕಿರುವುದು ಪಾರ್ಕಲ್ಲ, ಕಾಲುದಾರಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಮಂಡ್ಯ ಜಿಲ್ಲೆಯ ನೀರಿನ ತಾಣಗಳು ರಾಜಧಾನಿಯವರಿಗೆ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವಷ್ಟು ಹತ್ತಿರವಾದವು. ಭಾನುವಾರ ಬಂತೆಂದರೆ ಬಲಮುರಿ, ಶ್ರೀರಂಗಪಟ್ಟಣದ ಸಂಗಮ, ಕೆಆರ್‌ಎಸ್, ಪಾಂಡವಪುರದ ತೊಣ್ಣೂರು ಕೆರೆ, ಎಲ್ಲ ಕಡೆಯೂ ಕಾರುಗಳ ಸಾಲು. ಜನ ಬರುವುದು ಒಳ್ಳೆಯದೇ. ನೀರು ಕಂಡರೆ ಹಿಗ್ಗದ ಮನುಷ್ಯರುಂಟೇ? ಆದರೆ ಬಂದ ಜನರಿಗಾಗಿ ಸರ್ಕಾರ ಹಾಕುತ್ತಿರುವ ಲೆಕ್ಕವೆಲ್ಲ ಕೆಆರ್‌ಎಸ್ ಅಣೆಕಟ್ಟೆಯ ಬುಡದಲ್ಲೇ ಸುತ್ತುತ್ತಿದೆ. ಬೃಂದಾವನ ಉದ್ಯಾನದ ಬಳಿ ಮನರಂಜನಾ ಪಾರ್ಕು, ಗಂಗಾರತಿಯ ಮಾದರಿಯಲ್ಲಿ ಕಾವೇರಿ ಆರತಿ ಎಂಬ ಯೋಜನೆಗಳನ್ನು 2025ರಲ್ಲಿ ರೈತ ಸಂಘಟನೆಗಳು ವಿರೋಧಿಸಿದವು, ವಿವಾದ ಹೈಕೋರ್ಟಿನವರೆಗೂ ಹೋಯಿತು. ಅಣೆಕಟ್ಟೆಯ ಸುರಕ್ಷತೆಗಾಗಿ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ನಡೆಯಕೂಡದೆಂದು ಅದೇ ಹೈಕೋರ್ಟು 2024ರ ಜನವರಿಯಲ್ಲಿ ಆದೇಶ ನೀಡಿತ್ತು. ಅಂಥ ಜಾಗದಲ್ಲಿ ಇನ್ನಷ್ಟು ಕಾಂಕ್ರೀಟು, ಇನ್ನಷ್ಟು ಜನಜಂಗುಳಿ ಏಕೆ ಎಂದು ರೈತರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಈ ಜಗಳದಲ್ಲಿ ಬೇರೊಂದು ಮಾತು ಹಿಂದೆ ಸರಿದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ನೋಡಲೆಂದೇ ಹುಟ್ಟಿದ ನೀರು ಇಲ್ಲ. ಪ್ರತಿ ಕೆರೆಗೂ ಒಂದು ಅಚ್ಚುಕಟ್ಟಿದೆ, ಪ್ರತಿ ಅಣೆಗೂ ಒಂದು ನಾಲೆಯಿದೆ. ತೂಬು ಎತ್ತುವ ದಿನಕ್ಕಾಗಿ ಕಾದು ಕುಳಿತ ಭತ್ತದ, ಕಬ್ಬಿನ ಗದ್ದೆಗಳಿವೆ. ಪ್ರವಾಸಿ ಈ ನೀರಿಗೆ ಅತಿಥಿ. ಅತಿಥಿಗೆ ನೆರಳು, ದಾರಿ, ಕೂರಲು ಜಾಗ, ಶೌಚಾಲಯ ಕೊಡೋಣ. ಅವನಿಗಾಗಿ ಮನೆಯನ್ನೇ ಕೆಡವಿ ಕಟ್ಟುವುದು ಬೇಡ.

ತೊಣ್ಣೂರನ್ನೇ ನೋಡಿ. ಎರಡು ಕಲ್ಲುಗುಡ್ಡಗಳ ನಡುವಿನ ಕಂಡಿಗೆ ಅಡ್ಡಲಾಗಿ ಏರಿ ಹಾಕಿ, ಯಾದವ ನದಿಯ ಹಾಗೂ ಗುಡ್ಡದ ಹಳ್ಳಗಳ ನೀರನ್ನು ತಡೆದು ನಿಲ್ಲಿಸಿದ ಕೆರೆ ಇದು. ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲಿ, ಇಲ್ಲಿಗೆ ಬಂದು ನೆಲೆಸಿದ್ದ ರಾಮಾನುಜಾಚಾರ್ಯರು ಇದನ್ನು ತಿರುಮಲಸಾಗರ ಎಂದು ಕರೆದರು ಎನ್ನುತ್ತದೆ ಪ್ರತೀತಿ. 1746ರಲ್ಲಿ ಈ ಕಡೆ ಬಂದಿದ್ದ ದಖ್ಖನಿನ ಸುಬೇದಾರನ ಮಗ ನಾಸಿರ್ ಜಂಗ್ ನೀರಿನ ತಿಳಿ ನೋಡಿ ಮೋತಿ ತಲಾಬ್, ಮುತ್ತಿನ ಕೆರೆ ಎಂದ. ಕೆಳಗಿನ ಊರಿನಲ್ಲಿ ನಂಬಿನಾರಾಯಣನ ಗುಡಿ, ವೇಣುಗೋಪಾಲನ ಗುಡಿ, ಜೊತೆಗೊಂದು ಹಳೆಯ ದರ್ಗಾ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕಾಲ, ಇಷ್ಟು ನಂಬಿಕೆಗಳು ಒಟ್ಟಿಗೆ ಸಿಗುವ ಕೆರೆಗಳು ಕರ್ನಾಟಕದಲ್ಲಿ ಕಡಿಮೆ. ಇಲ್ಲಿಗೆ ಜನರನ್ನು ಎಳೆದು ತರುವುದು ಆ ತಿಳಿನೀರೇ. ಬಂದವರು ಬಂಡೆಯ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಊಟದ ತಟ್ಟೆ, ಬಾಟಲಿ ಬಿಟ್ಟು ಹೋಗುತ್ತಾರೆ. ಒಡೆದ ಬಾಟಲಿಯ ಗಾಜು ಗದ್ದೆಯವರೆಗೂ ಬರುತ್ತದೆ, ನಾಟಿ ಹಾಕುವ ಹೆಂಗಸರ ಕಾಲಿಗೆ ಚುಚ್ಚುತ್ತದೆ. ಇದನ್ನು ಯಾವ ಯೋಜನಾ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀರಿನ ಪ್ರವಾಸ ಎಂದಾಗ ನಮ್ಮ ಅಧಿಕಾರಿಗಳು ಸಿಂಗಪುರ, ದುಬೈ ಕಡೆ ನೋಡುತ್ತಾರೆ. ನೋಡಬೇಕಾದ್ದು ಇಂಗ್ಲೆಂಡಿನ ಹಳ್ಳಿಗಾಡನ್ನು. ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವರ್ಷಕ್ಕೆ ಕೋಟಿಗೂ ಮೀರಿ ಜನ ಹೋಗುವ ಜಾಗ. ಅಲ್ಲಿ ಜನ ಮುಖ್ಯವಾಗಿ ಮಾಡುವುದು ನಡೆಯುವುದು. ಕುರಿ ಮೇಯುವ ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರ ಹಕ್ಕಿನ ಕಾಲುದಾರಿಗಳಿವೆ. ರೈತ ಬೇಲಿ ಹಾಕಿದರೂ ದಾಟಲು ಮೆಟ್ಟಿಲು ಬಿಡಬೇಕು, ನಡೆಯುವವನು ಗೇಟು ತೆಗೆದರೆ ಮುಚ್ಚಿ ಹೋಗಬೇಕು. ಈ ಸಣ್ಣ ಶಿಸ್ತಿನ ಮೇಲೆ ಒಂದು ನಾಡಿನ ಪ್ರವಾಸೋದ್ಯಮ ನಿಂತಿದೆ. ಅಲ್ಲಿನ ಅತಿ ದೊಡ್ಡ ಸರೋವರ ವಿಂಡರ್‌ಮಿಯರ್‌ನಲ್ಲಿ ಮೋಟಾರು ದೋಣಿ ಓಡಿಸುವುದು, ನೀರಿನ ಮೇಲೆ ಸ್ಕೀ ಮಾಡುವುದು ದೊಡ್ಡ ವ್ಯಾಪಾರವಾಗಿತ್ತು. ವರ್ಷಗಟ್ಟಲೆ ವಾದ ನಡೆದು 2005ರಲ್ಲಿ ಗಂಟೆಗೆ 10 ಮೈಲಿಯ ಮಿತಿ ಜಾರಿಯಾಯಿತು. ದೋಣಿ ವ್ಯಾಪಾರಿಗಳ ವಿರೋಧವಿದ್ದೂ ಉದ್ಯಾನದ ಪ್ರಾಧಿಕಾರ ಹಿಂದೆಗೆಯಲಿಲ್ಲ.

ಇಂಗ್ಲೆಂಡನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಅದೇ ವಿಂಡರ್‌ಮಿಯರ್‌ಗೆ ಚರಂಡಿ ನೀರು ಸೇರುತ್ತಿರುವುದರ ವಿರುದ್ಧ ಅಲ್ಲಿನ ಜನ ಬೀದಿಗಿಳಿದಿದ್ದಾರೆ. ದೋಣಿಗೆ ಲಗಾಮು ಹಾಕಿದವರಿಗೆ ಚರಂಡಿಗೆ ಹಾಕಲು ಆಗಲಿಲ್ಲ. ಕವಿ ವರ್ಡ್ಸ್‌ವರ್ತ್ 1844ರಲ್ಲಿ ವಿಂಡರ್‌ಮಿಯರ್‌ಗೆ ರೈಲು ಬರುವುದನ್ನು ವಿರೋಧಿಸಿದ. ಆದರೂ 1847ರಲ್ಲಿ ರೈಲು ಬಂತು, ಗಿರಣಿ ಊರುಗಳ ಕೂಲಿಕಾರರೂ ಸರೋವರ ನೋಡುವಂತಾಯಿತು. ಈ ಒಂದು ವಿಷಯದಲ್ಲಿ ನಾನು ರೈಲಿನ ಪರ. ನೀರಿನ ಚೆಲುವು ಕಾರಿದ್ದವರ ಸ್ವತ್ತಾಗಬಾರದು.

ಇನ್ನೊಂದು ಹೋಲಿಕೆ ನಮ್ಮ ಎದೆಗೆ ಹತ್ತಿರದ್ದು. ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರು ಕೊಡಲು 1930ರ ದಶಕದಲ್ಲಿ ಹಾಸ್‌ವಾಟರ್ ಕಣಿವೆಗೆ ಅಣೆಕಟ್ಟೆ ಹಾಕಿದಾಗ ಮಾರ್ಡೇಲ್ ಎಂಬ ಹಳ್ಳಿ ಮುಳುಗಿತು. ಚರ್ಚನ್ನು ಕೆಡವಿದರು, ಸಮಾಧಿಯಲ್ಲಿದ್ದವರನ್ನೂ ತೆಗೆದು ಬೇರೆಡೆ ಹೂಳಿದರು. ಬರಗಾಲದಲ್ಲಿ ನೀರಿಳಿದಾಗ ಊರಿನ ಗೋಡೆಗಳು ಎದ್ದು ಕಾಣುತ್ತವೆ, ನೋಡಲು ಜನ ಸೇರುತ್ತಾರೆ. ನಮ್ಮ ಕನ್ನಂಬಾಡಿಯ ಕಥೆಯೂ ಇದೇ. 1911ರಲ್ಲಿ ಕೆಲಸ ಆರಂಭವಾದ ಕೆಆರ್‌ಎಸ್ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರುಗಳು ಹೋದವು, ವೇಣುಗೋಪಾಲಸ್ವಾಮಿ ಗುಡಿ ಹೋಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಡಿ ನೀರಿನಿಂದ ಮೇಲೆದ್ದು ಕಾಣುತ್ತಿತ್ತು. ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಈಗ ಹಿನ್ನೀರಿನ ಹಿನ್ನೆಲೆಯಲ್ಲಿ ಫೋಟೊ ತೆಗೆಸಿಕೊಳ್ಳಲು ಸಾವಿರಾರು ಜನ ಬರುತ್ತಾರೆ. ಅಲ್ಲಿ ಯಾವ ಯಾವ ಊರುಗಳು ಮುಳುಗಿದವು, ಯಾರು ಯಾವ ದಿಕ್ಕಿಗೆ ಹೋದರು ಎಂದು ಅವರಿಗೆ ವಿವರವಾಗಿ ತಿಳಿಸಬೇಕಲ್ಲವೇ? ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ಆ ಊರುಗಳಿಂದ ಎದ್ದು ಬಂದ ಕುಟುಂಬಗಳ ಮೊಮ್ಮಕ್ಕಳು ಸುತ್ತಲ ಹಳ್ಳಿಗಳಲ್ಲೇ ಇದ್ದಾರೆ, ಅವರನ್ನು ಮಾರ್ಗದರ್ಶಿಗಳನ್ನಾಗಿ ಮಾಡಿದರೆ ಸಾಕು.

ಮಿತಿ ಹಾಕಿದರೆ ಜನ ಬರುವುದಿಲ್ಲ ಎನ್ನುವವರಿಗೆ ಉತ್ತರ ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. 17ನೇ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಕಾವೇರಿಗೆ ಅಣೆ ಕಟ್ಟಿದಾಗ ನಡುವೆ ತಿಟ್ಟುಗಳು ಮೂಡಿದವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದಿಂದ 1940ರಲ್ಲಿ ಮೈಸೂರು ಸಂಸ್ಥಾನ ಅವನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಆಯಿತು. ಇಲ್ಲಿ ತಿಟ್ಟಿಗೆ ಕಾಲಿಡುವಂತಿಲ್ಲ, ಹಕ್ಕಿಗೆ ತಿಂಡಿ ಎಸೆಯುವಂತಿಲ್ಲ. ಅರಣ್ಯ ಇಲಾಖೆಯ ಅಂಬಿಗ ಹುಟ್ಟು ಹಾಕಿ ಕರೆದೊಯ್ದಷ್ಟು ದೂರ ಮಾತ್ರ ನೋಟ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನ ದೋಣಿಯೇ ಇಲ್ಲ. ಇಷ್ಟೆಲ್ಲ ಕಟ್ಟುಪಾಡಿದ್ದರೂ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ನೋಡಲು ಜನ ಸಾಲುಗಟ್ಟುತ್ತಾರೆ. ಕಟ್ಟುಪಾಡು ಸಡಿಲಿಸಿ, ಮೋಟಾರು ದೋಣಿ ಬಿಟ್ಟು, ಧ್ವನಿವರ್ಧಕ ಹಚ್ಚಿದ್ದರೆ ಹಕ್ಕಿಗಳು ಎಂದೋ ಬೇರೆ ನೆಲೆ ಹುಡುಕುತ್ತಿದ್ದವು.

ಅಲ್ಲಿಂದ ಸ್ವಲ್ಪವೇ ದೂರದ ಬಲಮುರಿಯಲ್ಲಿ ಮಾತ್ರ ಈ ಕಾವಲು ಕಾಣುವುದಿಲ್ಲ. ಅಣೆಯ ಮೇಲಿಂದ ತೆಳ್ಳಗೆ ಇಳಿಯುವ ನೀರು ಮೊಣಕಾಲುದ್ದ ಎನಿಸುತ್ತದೆ, ಎರಡು ಹೆಜ್ಜೆ ಮುಂದೆ ಮಡುವಿರುತ್ತದೆ, ಪಾಚಿ ಕಟ್ಟಿದ ಕಲ್ಲು ಕಾಲು ಹಿಡಿಯುವುದಿಲ್ಲ. ಈಜು ಬಾರದ ಕಾಲೇಜು ಹುಡುಗರು ಇಲ್ಲಿ, ತೊಣ್ಣೂರಿನಲ್ಲಿ, ನಾಲೆಗಳಲ್ಲಿ ಪ್ರಾಣ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರವಾಹ ಬಂದಾಗ ನಿಷೇಧಾಜ್ಞೆ, ಇಳಿದ ಮೇಲೆ ಎಂದಿನಂತೆ. ನಿಷೇಧಾಜ್ಞೆ ಕಾಗದದ ಮೇಲಿರುತ್ತದೆ, ಹುಡುಗನನ್ನು ಹಿಡಿದೆಳೆಯಲು ದಡದಲ್ಲಿ ಮನುಷ್ಯ ಬೇಕು, ಹಗ್ಗ ಬೇಕು. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ 2018ರ ನವೆಂಬರ್ 24ರಂದು ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಸತ್ತವರು ಪ್ರವಾಸಿಗಳಲ್ಲ, ಸುತ್ತಲ ಹಳ್ಳಿಯವರು. ದಿನವೂ ನೀರಿನ ಅಂಚಿನಲ್ಲಿ ಓಡಾಡುವ ಸ್ಥಳೀಯರಿಗೇ ತಡೆಗೋಡೆ ಇಲ್ಲದ ಕಡೆ, ದಾರಿ ಗೊತ್ತಿಲ್ಲದ ಹೊಸಬರನ್ನು ಇನ್ನಷ್ಟು ಕರೆಯುವ ಮುನ್ನ ಆ ಗೋಡೆ ಕಟ್ಟಬೇಕು.

ಕೆ.ಆರ್. ಪೇಟೆಯದು ಬೇರೆಯೇ ಕಥೆ. ಇಲ್ಲಿ ಜನ ಹೆಚ್ಚಾದದ್ದು ಸಮಸ್ಯೆಯಲ್ಲ, ಬಾರದಿರುವುದು ನಷ್ಟ. ಮಂದಗೆರೆ, ಹೇಮಗಿರಿ, ಅಕ್ಕಿಹೆಬ್ಬಾಳು ಎಂದು ಹೇಮಾವತಿಯ ದಡ ಹಿಡಿದು ನಡೆದರೆ ಹಳೆಯ ಅಣೆಗಳ ಮೇಲಿಂದ ನೀರು ಬಿಳಿಯಾಗಿ ಇಳಿಯುವುದು, ನದಿ ಬಂಡೆಗಳ ನಡುವೆ ಹತ್ತಾರು ಕವಲಾಗುವುದು ಕಾಣುತ್ತದೆ. ಕಲ್ಲಹಳ್ಳಿಯ ಭೂವರಾಹನಾಥ ಹಿನ್ನೀರಿನ ಅಂಚಿನಲ್ಲೇ ಇದ್ದಾನೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಅಂಬಿಗರಹಳ್ಳಿ–ಸಂಗಾಪುರದಲ್ಲಿ 2013ರಲ್ಲಿ, ಮತ್ತೆ 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದು ಲಕ್ಷಗಟ್ಟಲೆ ಜನ ಸೇರಿದರು. ಒಳನಾಡಿಗೆ ಬಂದರೆ ಹೊಸಹೊಳಲಿನ ಹೊಯ್ಸಳ ಗುಡಿ, ಕಿಕ್ಕೇರಿಯ ಬ್ರಹ್ಮೇಶ್ವರ. ಕಿಕ್ಕೇರಿ ‘ಮೈಸೂರು ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರ ಊರು. ವರ್ಡ್ಸ್‌ವರ್ತ್ ಬಾಳಿದ ಮನೆಯ ಸುತ್ತ ಇಂಗ್ಲಿಷರು ಒಂದು ಯಾತ್ರೆಯನ್ನೇ ಬೆಳೆಸಿಕೊಂಡರು. ಮಲ್ಲಿಗೆಯ ಕವಿಯ ಊರಿನ ಕೆರೆ ಏರಿಯ ಮೇಲೆ ಸಂಜೆ ನಡೆಯಲು ಬರುವ ಓದುಗರು ಕನ್ನಡದಲ್ಲಿ ಇಲ್ಲವೇ? ಮೈಸೂರು–ಹಾಸನ ರೈಲು ಅಕ್ಕಿಹೆಬ್ಬಾಳು, ಮಂದಗೆರೆಯಲ್ಲಿ ಹಾದು ಹೋಗುತ್ತದೆ. ನಿಲ್ದಾಣದಿಂದ ಹೊಳೆಗೆ ಒಂದು ಗುರುತು ಹಾಕಿದ ದಾರಿ, ಊರಿನ ಹೆಣ್ಣುಮಕ್ಕಳ ಸಂಘದಿಂದ ಮುದ್ದೆ–ಉಪ್ಸಾರಿನ ಊಟ. ಇದನ್ನು ಮಾಡಲು ವಿದೇಶಿ ಸಲಹೆಗಾರರು ಬೇಡ.

ನಾಗಮಂಗಲದ್ದು ನೀರು ಕಡಿಮೆ ಇರುವ ನೆಲ, ಮಳೆ ನಂಬಿದ ಕೆರೆಗಳ ತಾಲ್ಲೂಕು. ಲೋಕಪಾವನಿ ಹುಟ್ಟುವುದು ಇಲ್ಲಿ. ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಅದು ಕಾವೇರಿ ಸೇರುತ್ತದೆ. ಮೇಲಿನ ಕೆರೆಗಳಲ್ಲಿ ಹೂಳು ತುಂಬಿ ಕೋಡಿ ಬೀಳದಿದ್ದರೆ ಕೆಳಗೆ ಲೋಕಪಾವನಿ ಬತ್ತುತ್ತದೆ. ಕರಿಘಟ್ಟದ ಬೆಟ್ಟ ಹತ್ತಿ ಸಂಗಮದ ನೋಟ ಸವಿಯುವ ಪ್ರವಾಸಿಗೂ ನಾಗಮಂಗಲದ ಕೆರೆ ಹೂಳಿಗೂ ಸಂಬಂಧವಿದೆ ಎಂಬುದನ್ನು ಪ್ರವಾಸೋದ್ಯಮ ಇಲಾಖೆ ಮನಗಾಣಬೇಕು. ಕೆರೆಯ ಹೂಳೆತ್ತಲು ಕೊಟ್ಟ ಹಣವೂ ಪ್ರವಾಸಕ್ಕೆ ಕೊಟ್ಟ ಹಣವೇ.

ಪಾರ್ಕು ಬಂದರೆ ಕೆಲಸ ಸಿಗುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. ಕಬ್ಬಿನ ಬೆಲೆಗಾಗಿ ಪ್ರತಿ ವರ್ಷ ರಸ್ತೆಗಿಳಿಯುವ ಜಿಲ್ಲೆಯ ಹುಡುಗರಿಗೆ ಸಂಬಳದ ಆಸೆ ಇರುವುದು ಸಹಜ. ಆದರೆ ಖಾಸಗಿ ಸಹಭಾಗಿತ್ವದ ಪಾರ್ಕಿನಲ್ಲಿ ಅವರಿಗೆ ಸಿಗುವುದು ಬಹುಪಾಲು ಗೇಟು ಕಾಯುವ, ಕಸ ಗುಡಿಸುವ ಕೆಲಸ. ಲಾಭ ಗುತ್ತಿಗೆದಾರನ ಜೊತೆ ಹೊರಗೆ ಹೋಗುತ್ತದೆ. ಹಳ್ಳಿಯ ಕೈಗೆ ಹಣ ಬರಬೇಕಾದರೆ ಕೆರೆಯ ಯಜಮಾನಿಕೆ ಮೊದಲು ಇತ್ಯರ್ಥವಾಗಬೇಕು. ಇಂದು 40 ಹೆಕ್ಟೇರಿನವರೆಗೆ ಅಚ್ಚುಕಟ್ಟಿರುವ ಕೆರೆ ಪಂಚಾಯತಿಯದು, ಅದಕ್ಕೂ ದೊಡ್ಡದು ನೀರಾವರಿ ಇಲಾಖೆಯದು, ಮೀನು ಹರಾಜು ಮೀನುಗಾರಿಕೆ ಇಲಾಖೆಯದು, ಒತ್ತುವರಿ ತೆರವು ಕಂದಾಯ ಇಲಾಖೆಯದು. ದಡದ ಕಸ ಯಾರದೂ ಅಲ್ಲ. ತೊಣ್ಣೂರಿನಂಥ ಕೆರೆಗೆ ನೀರು ಬಳಕೆದಾರರ ಸಂಘ, ಪಂಚಾಯತಿ, ಮೀನುಗಾರರು ಸೇರಿದ ಒಂದೇ ಸಮಿತಿ ಇರಲಿ. ವಾಹನ ನಿಲುಗಡೆಯ ಶುಲ್ಕ ಆ ಸಮಿತಿಗೇ ಸೇರಲಿ. ಅದರಲ್ಲಿ ಇಂತಿಷ್ಟು ಪಾಲು ಏರಿ, ತೂಬು, ಹೂಳಿಗೆಂದು ಮೊದಲೇ ಕಟ್ಟಿಡಲಿ. ವಾಹನಗಳು ಏರಿಯಿಂದ ದೂರ ನಿಲ್ಲಲಿ, ದಡಕ್ಕೆ ನಡೆದೇ ಹೋಗಲಿ, ನಡೆಯಲಾಗದ ಹಿರಿಯರಿಗೆ ಮಾತ್ರ ವಿನಾಯಿತಿ.

ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಇತ್ತ ಬರುತ್ತವೆ. ಅಷ್ಟರೊಳಗೆ ಮಾಡಬಹುದಾದ್ದು ಬಹಳವಿದೆ: ಬಲಮುರಿಯಲ್ಲಿ ಈಜು ಬಲ್ಲ ಕಾವಲುಗಾರರು, ಆಳ ತೋರುವ ಕಂಬಗಳು, ತೊಣ್ಣೂರಿನಲ್ಲಿ ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ, ಪ್ರವಾಸಿ ಬಸ್ಸುಗಳು ಓಡುವ ನಾಲೆ ರಸ್ತೆಗಳ ತಿರುವಿನಲ್ಲಿ ತಡೆಗೋಡೆ. ಇವಕ್ಕೆ ಹೊಸ ಕಾನೂನೂ ಬೇಡ, ಸಂಪುಟದ ಒಪ್ಪಿಗೆಯೂ ಬೇಡ. ಜಿಲ್ಲಾಧಿಕಾರಿ ಮನಸ್ಸು ಮಾಡಿದರೆ ಈ ಮಳೆಗಾಲ ಮುಗಿಯುವುದರೊಳಗೆ ಕೆಲಸ ಶುರುವಾಗಬಹುದು.