ಬಿಟ್ಟ ಸ್ಥಳ ತುಂಬಿರಿ

ಮನೇಲಿ ವರ್ಕ್‌ಬುಕ್ ತುಂಬಿಸಿದ್ರೆ ಪುಟ್ಟ ಮಕ್ಕಳಿಗೆ ಪೆನ್ಸಿಲ್ ಹಿಡಿತ ಬರುತ್ತೆ, ಒಪ್ಪಿದೆ. ಲೆಕ್ಕ ಬರುತ್ತೆ ಅನ್ನೋದನ್ನ ಮಾತ್ರ ನಾನು ನಂಬಲ್ಲ.

ಬಿ.ಜಿ. ಕೆರೆಯಲ್ಲಿರೋ ನಮ್ಮಕ್ಕನ ಮಗಳಿಗೆ ಐದು ವರ್ಷ. ಪುಟಗಳು 1, 2, 3 ಅಂತ ಸಾಲಾಗಿ ಬರ್ತವಲ್ಲ, ಚಿತ್ರ ಎಣಿಸದೇ ಉತ್ತರ ಬರೀತಾಳೆ! (ಟೆಸ್ಟ್ ಪಾಸಾದ್ರೆ ಸಾಕು ಅಂತ ನಾವು ಕೋಡ್ ಬರೀತೀವಲ್ಲ, ಥೇಟ್ ಹಾಗೆ.) ಅದೇ ಹುಡುಗಿ ಶೇಂಗಾ ಸುಲಿಯುವಾಗ ಹತ್ತತ್ತರ ಗುಡ್ಡೆ ಮಾಡ್ತಾಳೆ. ನಾನು ಒಂದು ಬಾಯಿಗೆ ಹಾಕ್ಕೊಂಡ್ರೆ ಜಗಳಕ್ಕೇ ಬರ್ತಾಳೆ. "ಶೇಂಗಾ ಸುಲಿದು ನೀನು ಇಂಜಿನಿಯರ್ ಆದ್ಯಾ?" ಅಂತ ಅಕ್ಕ ಬೈದು ಪುಸ್ತಕ ಕೊಡ್ತಾಳೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಕಾರ್ಡುಗಳಿದ್ದವು. ಆದರೆ ಜೊತೆಗೆ ಹಾಡಿತ್ತು, ಆಟವಿತ್ತು, ತಪ್ಪು ಹೇಳಿದ್ರೆ ನಗೋಕೆ ಪಕ್ಕದಲ್ಲೊಂದು ಮಗುವಿತ್ತು. ಅಂಗಡಿಯಿಂದ ತಂದ ವರ್ಕ್‌ಬುಕ್ಕಲ್ಲಿ ಆ ಮಗು ಇರಲ್ಲ. ನಿಮ್ಮನೇಲಿ ಹೇಗೆ?